ಸ್ಟೆಂಟ್ ಜೀವ ಉಳಿಸುತ್ತದಾ? ಯಾವಾಗ ಹಾಕಿದರು ಅಂತ ಮೊದಲು ಕೇಳಿ

2025ರ ಜುಲೈ ತಿಂಗಳಲ್ಲಿ ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳ್ಳಂಬೆಳಗ್ಗೆಯೇ ಜನ ಸಾಲು ನಿಂತಿದ್ದರು. ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರು ಎಂಬ ಸುದ್ದಿ ಟಿವಿಯಲ್ಲಿ ದಿನವಿಡೀ ಓಡುತ್ತಿತ್ತು. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಹಾಗಾಗಿ ಎದೆನೋವೇ ಇಲ್ಲದವರೂ ಇಸಿಜಿ ಮಾಡಿಸಿಕೊಳ್ಳಲು ಬಂದರು. ಆಮೇಲೆ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಪರಿಶೀಲನೆ ನಡೆಸಿ, ಹಾಸನದಲ್ಲಿ ಅಸಹಜ ಏರಿಕೆ ಏನೂ ಕಾಣುತ್ತಿಲ್ಲ ಎಂದು ವರದಿ ಕೊಟ್ಟಿತು.

ಆದರೆ ತಪಾಸಣೆ ಎಂಬುದು ಒಂದು ಇಸಿಜಿಗೆ ಮುಗಿಯುವುದಿಲ್ಲ. ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡುವ ಟಿಎಂಟಿಯಲ್ಲಿ ಏನೋ ವ್ಯತ್ಯಾಸ ಕಂಡರೆ, ಹೃದಯದ ನಾಳಗಳ ಚಿತ್ರ ತೆಗೆಯುವ ಆಂಜಿಯೋಗ್ರಾಂ. ಅದರಲ್ಲಿ ಬ್ಲಾಕ್ ಕಂಡರೆ, ನಾಳವನ್ನು ತೆರೆದಿಡುವ ಸ್ಟೆಂಟ್ ಮಾತು. ಅಷ್ಟರಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಎರಡು ಥರದ ಸಂದೇಶ ಬಂದಿರುತ್ತದೆ. ತಡಮಾಡದೆ ಸ್ಟೆಂಟ್ ಹಾಕಿಸಿದ್ದಕ್ಕೆ ಬದುಕಿದರು ಅಂತ ಒಂದು. ಸ್ಟೆಂಟ್‌ನಿಂದ ಆಯುಷ್ಯ ಹೆಚ್ಚುವುದಿಲ್ಲ ಅಂತ ಫಾರಿನ್ ಅಧ್ಯಯನವೇ ಹೇಳಿದೆ, ಇದೆಲ್ಲ ದುಡ್ಡಿನ ಆಟ ಅಂತ ಇನ್ನೊಂದು.

ಎರಡಕ್ಕೂ ಆಧಾರ ಇದೆ. ಹೃದಯಾಘಾತ ಆಗುತ್ತಿರುವವರಿಗೂ, ಮೆಟ್ಟಿಲು ಹತ್ತಿದಾಗ ಮಾತ್ರ ಎದೆ ಹಿಡಿಯುವವರಿಗೂ ಅದೇ ಸ್ಟೆಂಟನ್ನೇ ಹಾಕುತ್ತಾರೆ. ಸ್ಥಿತಿ ಬೇರೆ, ಫಲಿತಾಂಶವೂ ಬೇರೆ. ನಾವು ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಅಂಟಿಸಿಬಿಡುತ್ತೇವೆ.

ಅಡುಗೆಮನೆಯಲ್ಲಿ ತಯಾರಾದ ಬಲೂನ್

ದೇಹ ಸೀಳದೆ ರಕ್ತನಾಳ ಸರಿಮಾಡುವ ಕೆಲಸ ಶುರುವಾಗಿದ್ದು ಹೃದಯದಲ್ಲಲ್ಲ, ಕಾಲಿನಲ್ಲಿ. 1964ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ 82 ವರ್ಷದ ಅಜ್ಜಿಯೊಬ್ಬರ ಕಾಲು ಕೊಳೆಯತೊಡಗಿತ್ತು. ಕಾಲು ತೆಗೆಯಬೇಕು ಎಂದಿದ್ದರು ಸರ್ಜನ್‌ಗಳು. ಅಜ್ಜಿ ಒಪ್ಪಲಿಲ್ಲ. ಆಗ ಚಾರ್ಲ್ಸ್ ಡಾಟರ್ ಎಂಬ ರೇಡಿಯಾಲಜಿ ವೈದ್ಯರು ತೊಡೆಯ ನಾಳದೊಳಗೆ ತೆಳುವಾದ ನಳಿಗೆ ತೂರಿಸಿದರು. ಅದರ ಮೇಲೆ ಇನ್ನೊಂದು ದಪ್ಪದ್ದು ತೂರಿಸಿ, ಕಟ್ಟಿಕೊಂಡಿದ್ದ ಜಾಗವನ್ನು ಹಿಗ್ಗಿಸಿದರು. ಅಜ್ಜಿಯ ಕಾಲು ಉಳಿಯಿತು.

ಇದೇ ವಿಚಾರವನ್ನು ಹೃದಯಕ್ಕೆ ತಂದವರು ಆಂಡ್ರಿಯಾಸ್ ಗ್ರುಂಟ್‌ಸಿಗ್. ಬಲೂನಿನ ಮೊದಲ ಮಾದರಿಗಳನ್ನು ಅವರು ಮನೆಯ ಅಡುಗೆಮನೆಯ ಮೇಜಿನ ಮೇಲೆ ಅಂಟಿಸಿ, ಕಟ್ಟಿ ತಯಾರಿಸಿದ್ದರು. 1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ 38 ವರ್ಷದ ರೋಗಿಯೊಬ್ಬರ ಹೃದಯದ ನಾಳದಲ್ಲಿ ಆ ಬಲೂನ್ ಊದಿಸಿದರು. ಆಂಜಿಯೋಪ್ಲಾಸ್ಟಿ ಎಂಬ ಪದ ಮನೆಮಾತಾಗಿದ್ದು ಅಲ್ಲಿಂದಾಚೆಗೆ.

ಬಲೂನಿಗೆ ಒಂದು ದೋಷವಿತ್ತು. ಹಿಗ್ಗಿಸಿದ ನಾಳ ರಬ್ಬರಿನಂತೆ ಮತ್ತೆ ಕುಗ್ಗುತ್ತಿತ್ತು. ಮೂವರಲ್ಲಿ ಒಬ್ಬರಿಗಾದರೂ ಆರು ತಿಂಗಳಲ್ಲಿ ಮತ್ತೆ ಸಣ್ಣದಾಗುತ್ತಿತ್ತು. ಕುಗ್ಗದಂತೆ ಒಳಗಿನಿಂದ ಆನಿಕೆ ಕೊಡಲು ಲೋಹದ ಜಾಲರಿ ಬಂತು. ಅದೇ ಸ್ಟೆಂಟ್. 1986ರಲ್ಲಿ ಫ್ರಾನ್ಸ್‌ನ ಟುಲೂಸ್‌ನಲ್ಲಿ ಮೊದಲ ಸಲ ಮನುಷ್ಯನ ಹೃದಯದ ನಾಳಕ್ಕೆ ಅದನ್ನು ಹಾಕಿದರು. ಆದರೆ ಬರೀ ಲೋಹದ ಸುತ್ತ ಒಳಚರ್ಮ ಅತಿಯಾಗಿ ಬೆಳೆದು ದಾರಿ ಕಟ್ಟುತ್ತಿತ್ತು. ಅದನ್ನು ತಡೆಯಲು ಜಾಲರಿಗೆ ಔಷಧಿ ಲೇಪಿಸಿದರು. ಮೊದಮೊದಲು ಲೇಪಿಸಿದ ಸಿರೊಲಿಮಸ್ ಎಂಬ ಔಷಧಿ ಸಿಕ್ಕಿದ್ದು ಎಲ್ಲಿ ಗೊತ್ತಾ? ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಒಂದು ಹಿಡಿ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾದಲ್ಲಿ.

ಈಗ ತೊಡೆ ಮುಟ್ಟುವುದೂ ಕಡಿಮೆ. ಮಣಿಕಟ್ಟಿನ ನಾಳದಿಂದಲೇ ತಂತಿ ಹೋಗುತ್ತದೆ, ಎರಡು ದಿನದಲ್ಲಿ ಮನೆಗೆ ಬರಬಹುದು. ಇಷ್ಟು ಸಲೀಸಾಗಿದ್ದು ಒಳ್ಳೆಯದೇ. ಆದರೆ ಸಲೀಸಾದ ಕೆಲಸವನ್ನು ಅಗತ್ಯಕ್ಕಿಂತ ಜಾಸ್ತಿ ಮಾಡುವ ಅಪಾಯವೂ ಇರುತ್ತದೆ. ಎದೆ ಸೀಳಬೇಕು ಎಂದರೆ ಯಾರಾದರೂ ಎರಡು ಸಲ ಯೋಚಿಸುತ್ತಾರೆ, ಅಲ್ವಾ?

ಪೈಪಿನ ಪಾಚಿ ಅಲ್ಲ, ಗೋಡೆಯ ಕುರು

ಬ್ಲಾಕ್ ಎಂದಕೂಡಲೇ ನಮ್ಮ ತಲೆಗೆ ಬರುವುದು ನಲ್ಲಿ ಪೈಪ್. ಒಳಗೆ ಪಾಚಿ ಕಟ್ಟುತ್ತಾ ಹೋಗುತ್ತದೆ, ನೀರು ಸಣ್ಣದಾಗುತ್ತದೆ, ಒಂದು ದಿನ ಪೂರ್ತಿ ನಿಲ್ಲುತ್ತದೆ, ಅದೇ ಹಾರ್ಟ್ ಅಟ್ಯಾಕ್. ಹಾಗಾದರೆ 80 ಪರ್ಸೆಂಟ್ ಇರುವಾಗಲೇ ಕ್ಲೀನ್ ಮಾಡಿಸಿದರೆ ಅಟ್ಯಾಕ್ ಆಗುವುದೇ ಇಲ್ಲ, ಸರಿ ತಾನೇ? ವೈದ್ಯರೂ ಬಹಳ ವರ್ಷ ಹೀಗೇ ಯೋಚಿಸಿದ್ದರು.

ಆಗುವುದು ಬೇರೆ. ಕೊಬ್ಬು ನಾಳದ ಒಳಮೈಗೆ ಬಂದು ಅಂಟುವುದಿಲ್ಲ, ನಾಳದ ಗೋಡೆಯೊಳಗೇ ಸೇರಿಕೊಳ್ಳುತ್ತದೆ. ಮೇಲೊಂದು ಪೊರೆ ಇರುತ್ತದೆ. ಚರ್ಮದ ಕೆಳಗೆ ಕುರು ಇರುವಂತೆ ಅಂದುಕೊಳ್ಳಿ. ಪೊರೆ ತೆಳುವಾಗಿ ಒಂದು ದಿನ ಒಡೆದರೆ ಒಳಗಿದ್ದದ್ದು ರಕ್ತಕ್ಕೆ ತಾಗುತ್ತದೆ. ಗಾಯವಾಯಿತು ಎಂದು ದೇಹ ಅಲ್ಲಿ ರಕ್ತ ಹೆಪ್ಪುಗಟ್ಟಿಸುತ್ತದೆ. ಕೈ ಕೊಯ್ದುಕೊಂಡಾಗ ನಮ್ಮನ್ನು ಕಾಪಾಡುವ ಗುಣ ಇದೇ. ಇಲ್ಲಿ ಅದೇ ಹೆಪ್ಪು ಕೆಲವೇ ನಿಮಿಷದಲ್ಲಿ ನಾಳ ಮುಚ್ಚಿಬಿಡಬಹುದು. ಬಹುಪಾಲು ಹೃದಯಾಘಾತ ಆಗುವುದು ಹೀಗೆ.

ಒಡೆಯುವ ಕುರು ದೊಡ್ಡದೇ ಆಗಿರಬೇಕೆಂದಿಲ್ಲ. ನಾಳವನ್ನು ಅರ್ಧಕ್ಕಿಂತ ಕಡಿಮೆ ಮುಚ್ಚಿದ್ದ ಕುರು ಕೂಡ ಒಡೆಯಬಹುದು. ಅದು ರಕ್ತದ ಹರಿವಿಗೆ ಅಡ್ಡ ಬಂದಿರುವುದಿಲ್ಲ, ಹಾಗಾಗಿ ಟಿಎಂಟಿಯಲ್ಲೂ ಕಾಣುವುದಿಲ್ಲ. 'ಹೋದ ವಾರ ಎಲ್ಲಾ ನಾರ್ಮಲ್ ಅಂದಿದ್ರು, ಈಗ ಹೀಗಾಯ್ತು' ಎಂಬ ಮಾತು ಕೇಳಿಬರುವುದು ಇದರಿಂದಲೇ. ಇನ್ನೊಂದು ಕಡೆ, ವರ್ಷಾನುಗಟ್ಟಲೆ ಬೆಳೆದು ಗಟ್ಟಿಯಾದ 80 ಪರ್ಸೆಂಟ್ ಬ್ಲಾಕ್‌ನ ಮೇಲಿನ ಪೊರೆ ದಪ್ಪಗಿರಬಹುದು. ಮೆಟ್ಟಿಲು ಹತ್ತುವಾಗ ಎದೆ ಹಿಡಿಯುತ್ತದೆ, ನಿಂತರೆ ಬಿಡುತ್ತದೆ. ಒಡೆಯದೆ ಹಾಗೇ ಬಹುಕಾಲ ಇದ್ದುಬಿಡುವುದೂ ಉಂಟು.

ಸ್ಟೆಂಟ್ ಸರಿಮಾಡುವುದು ಎರಡು ಮೂರು ಸೆಂಟಿಮೀಟರ್ ಜಾಗವನ್ನು. ಕೊಬ್ಬು ಸೇರಿರುವುದು ನಾಳದ ಉದ್ದಕ್ಕೂ. ಉಳಿದ ಕಡೆಗೆ ಕೆಲಸ ಮಾಡುವುದು ಮಾತ್ರೆ: ಕೊಬ್ಬು ಇಳಿಸಿ ಪೊರೆ ಗಟ್ಟಿಮಾಡುವ ಸ್ಟಾಟಿನ್, ರಕ್ತ ಹೆಪ್ಪುಗಟ್ಟದಂತೆ ನೋಡುವ ಆಸ್ಪಿರಿನ್, ಜೊತೆಗೆ ಬಿಪಿ, ಶುಗರ್ ಹತೋಟಿ. ಬೀಡಿ, ಸಿಗರೇಟ್ ಬಿಟ್ಟರೆ ಅದರ ಲಾಭವೂ ಎಲ್ಲ ನಾಳಕ್ಕೂ ಸಿಗುತ್ತದೆ. ಮುಂದೆ ಬರುವ ಲೆಕ್ಕಗಳು ಅರ್ಥವಾಗಬೇಕಾದರೆ ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಅಟ್ಯಾಕ್ ಆಗುತ್ತಿರುವಾಗ ವಾದವೇ ಇಲ್ಲ

ಕುರು ಒಡೆದು, ಹೆಪ್ಪು ಕಟ್ಟಿ, ನಾಳ ಪೂರ್ತಿ ಮುಚ್ಚಿದೆ ಎನ್ನಿ. ಅದರ ಆಚೆಗಿನ ಹೃದಯದ ಸ್ನಾಯು ಸಾಯುತ್ತಾ ಇರುತ್ತದೆ. ಆಗ ನಾಳ ತೆರೆದರೆ ಜೀವ ಉಳಿಯುತ್ತದೆ, ಬೇಗ ತೆರೆದಷ್ಟೂ ಹೆಚ್ಚು ಸ್ನಾಯು ಉಳಿಯುತ್ತದೆ. ತೆರೆಯಲು ಎರಡು ದಾರಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಒಂದು, ಬಲೂನ್ ಮತ್ತು ಸ್ಟೆಂಟ್ ಇನ್ನೊಂದು. ಇವೆರಡನ್ನು ಹೋಲಿಸಿದ 23 ಅಧ್ಯಯನಗಳನ್ನು 2003ರಲ್ಲಿ ಒಟ್ಟಿಗೆ ಸೇರಿಸಿ ನೋಡಿದರು. ಇಂಜೆಕ್ಷನ್ ಪಡೆದವರಲ್ಲಿ ಮೊದಲ ಕೆಲವು ವಾರಗಳಲ್ಲಿ ಸತ್ತವರು ಶೇ 9, ಆಂಜಿಯೋಪ್ಲಾಸ್ಟಿ ಆದವರಲ್ಲಿ ಶೇ 7.

ಹಾಗಂತ ಇಂಜೆಕ್ಷನ್ ಕೀಳಲ್ಲ. ಆಂಜಿಯೋಪ್ಲಾಸ್ಟಿ ಮಾಡುವ ಕ್ಯಾತ್‌ಲ್ಯಾಬ್ ತಲುಪಲು ಎರಡು ಗಂಟೆಗಿಂತ ಜಾಸ್ತಿ ಬೇಕಾಗುವ ಊರಿನಲ್ಲಿ ಹತ್ತಿರದ ಆಸ್ಪತ್ರೆಯಲ್ಲೇ ಇಂಜೆಕ್ಷನ್ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುವುದೇ ಸರಿ. ರಾಜ್ಯ ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಹಿಂದಿನ ಲೆಕ್ಕವೂ ಇದೇ. ಎದೆನೋವು ಬಂದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತಾರೆ. ಅಟ್ಯಾಕ್ ಎಂದು ಖಾತ್ರಿಯಾದರೆ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಟ್ಟು ದೊಡ್ಡ ಕೇಂದ್ರಕ್ಕೆ ಕಳಿಸುತ್ತಾರೆ. 'ಗ್ಯಾಸ್ಟ್ರಿಕ್ ಇರಬೇಕು' ಎಂದು ಮನೆಯಲ್ಲೇ ಸೋಡಾ ಕುಡಿದು ಕಳೆದ ಗಂಟೆಯನ್ನು ಮಾತ್ರ ಯಾವ ಯೋಜನೆಯೂ ವಾಪಸ್ ಕೊಡಲಾರದು.

ಈ ಸ್ಥಿತಿಯಲ್ಲಿ ಸ್ಟೆಂಟ್ ಬೇಕೇ ಬೇಡವೇ ಎಂದು ಯಾರೂ ಜಗಳವಾಡುತ್ತಿಲ್ಲ. ಜಗಳ ಇರುವುದೆಲ್ಲ ಮುಂದಿನ ಸ್ಥಿತಿಯ ಬಗ್ಗೆ.

145 ಮತ್ತು 144

ಅಟ್ಯಾಕ್ ಆಗಿಲ್ಲ. ನಡೆದಾಗ, ಭಾರ ಎತ್ತಿದಾಗ ಎದೆ ಹಿಡಿಯುತ್ತದೆ, ವಿಶ್ರಾಂತಿಗೆ ಬಿಡುತ್ತದೆ. ತಿಂಗಳುಗಳಿಂದ ಹೀಗೇ ಇದೆ. ಇಲ್ಲವೇ ನೋವೇ ಇಲ್ಲ, ಟೆಸ್ಟ್‌ನಲ್ಲಿ ಮಾತ್ರ ಗೊತ್ತಾಗಿದೆ. ಇದನ್ನು ಸ್ಥಿರ ಸ್ಥಿತಿ ಎನ್ನೋಣ. ಇಂಥವರಿಗೆ ಮಾತ್ರೆಯ ಜೊತೆ ಸ್ಟೆಂಟನ್ನೂ ಹಾಕಿದರೆ ಅಟ್ಯಾಕ್ ತಪ್ಪುತ್ತದಾ, ಆಯುಷ್ಯ ಹೆಚ್ಚುತ್ತದಾ?

2007ರಲ್ಲಿ ಪ್ರಕಟವಾದ ಕರೇಜ್ ಅಧ್ಯಯನ 2,287 ರೋಗಿಗಳನ್ನು ನೋಡಿ ಇಲ್ಲ ಎಂದಿತು. ಹೃದ್ರೋಗ ತಜ್ಞರಲ್ಲಿ ಬಹಳ ಮಂದಿ ಒಪ್ಪಲಿಲ್ಲ. ಹೃದಯದ ಸ್ನಾಯುವಿಗೆ ತೀವ್ರವಾಗಿ ರಕ್ತದ ಕೊರತೆ ಇರುವವರನ್ನೇ ಆರಿಸಿ ನೋಡಿ, ಆಗ ಸ್ಟೆಂಟ್‌ನ ಬೆಲೆ ತಿಳಿಯುತ್ತದೆ ಎಂದರು. ನ್ಯಾಯವಾದ ಆಕ್ಷೇಪವೇ. ಅದಕ್ಕೆ ಉತ್ತರವಾಗಿ ಅಮೆರಿಕದ ಸರ್ಕಾರಿ ಹಣದಲ್ಲಿ ಇಸ್ಕೀಮಿಯಾ ಎಂಬ ದೊಡ್ಡ ಅಧ್ಯಯನ ನಡೆಯಿತು. 37 ದೇಶಗಳ 5,179 ರೋಗಿಗಳು, ಭಾರತದವರೂ ಸೇರಿ. ಎಲ್ಲರಿಗೂ ರಕ್ತದ ಕೊರತೆ ಮಧ್ಯಮದಿಂದ ತೀವ್ರ ಮಟ್ಟದ್ದು. ಚೀಟಿ ಎತ್ತಿದಂತೆ ಅರ್ಧ ಜನಕ್ಕೆ ಆಂಜಿಯೋಗ್ರಾಂ ಮಾಡಿ ಅಗತ್ಯಕ್ಕೆ ತಕ್ಕಂತೆ ಸ್ಟೆಂಟ್ ಅಥವಾ ಎದೆ ಸೀಳಿ ಮಾಡುವ ಬೈಪಾಸ್ ಆಪರೇಷನ್, ಜೊತೆಗೆ ಮಾತ್ರೆ. ಇನ್ನರ್ಧ ಜನಕ್ಕೆ ಮೊದಲಿಗೆ ಮಾತ್ರೆ ಮಾತ್ರ.

ಸರಾಸರಿ ಮೂರು ವರ್ಷಕ್ಕೂ ಸ್ವಲ್ಪ ಹೆಚ್ಚು ಕಾಲ ಗಮನಿಸಿದ ಮೇಲೆ ಮೊದಲ ಗುಂಪಿನಲ್ಲಿ 145 ಸಾವು. ಎರಡನೆಯದರಲ್ಲಿ 144.

ಈ ಎರಡು ಸಂಖ್ಯೆಗಳೇ 2019ರ ಕೊನೆಯಲ್ಲಿ 'ಸ್ಟೆಂಟ್ ವ್ಯರ್ಥ' ಎಂಬ ತಲೆಬರಹಗಳಾದವು. ಕುರುವಿನ ಕಥೆ ಗೊತ್ತಿದ್ದರೆ ಇದರಲ್ಲಿ ಅಚ್ಚರಿ ಇಲ್ಲ. ಕಣ್ಣಿಗೆ ಕಂಡ ಬ್ಲಾಕ್ ಸರಿಯಾಯಿತು. ಮುಂದಿನ ಅಟ್ಯಾಕ್ ಅಲ್ಲಿಂದಲೇ ಬರಬೇಕೆಂದೇನೂ ಇರಲಿಲ್ಲ. ಬರಬಹುದಾಗಿದ್ದ ಬೇರೆ ಜಾಗಗಳನ್ನು ಎರಡೂ ಗುಂಪಿನಲ್ಲಿ ಕಾದದ್ದು ಅದೇ ಮಾತ್ರೆಗಳು.

ತಲೆಬರಹದಲ್ಲಿ ಬಿಟ್ಟುಹೋದ ಸಾಲೊಂದಿತ್ತು. ಪದೇಪದೇ ಎದೆನೋವು ಬರುತ್ತಿದ್ದವರಿಗೆ ಮೊದಲ ಗುಂಪಿನಲ್ಲಿ ಜಾಸ್ತಿ ಆರಾಮ ಸಿಕ್ಕಿತ್ತು. ಮಾತ್ರೆ ಗುಂಪಿನಲ್ಲಿಯೂ ಸುಮಾರು ಐವರಲ್ಲಿ ಒಬ್ಬರು ಆಮೇಲೆ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿಕೊಳ್ಳಬೇಕಾಯಿತು. ನೋವೇ ಇಲ್ಲದವರಿಗೆ ಮಾತ್ರ ಸ್ಟೆಂಟ್‌ನಿಂದ ಕಂಡ ಲಾಭ ಇಲ್ಲವೆನ್ನುವಷ್ಟು ಕಡಿಮೆ.

ಹಾಕದ ಸ್ಟೆಂಟ್‌ನ ಪರೀಕ್ಷೆ

ನೋವು ಕಡಿಮೆಯಾಗುವುದು ಸ್ಟೆಂಟ್‌ನಿಂದಲಾ, ಸ್ಟೆಂಟ್ ಹಾಕಿಸಿಕೊಂಡೆ ಎಂಬ ಧೈರ್ಯದಿಂದಲಾ? ಕೇಳಲು ಒರಟು ಪ್ರಶ್ನೆ. ಆದರೆ ಹೊಸ ಮಾತ್ರೆ ಬಂದಾಗ ಸಕ್ಕರೆ ಮಾತ್ರೆ ಕೊಟ್ಟು ಹೋಲಿಸುತ್ತೇವಲ್ಲ, ಸ್ಟೆಂಟ್‌ಗೆ ಸುಮಾರು 30 ವರ್ಷ ಯಾರೂ ಹಾಗೆ ಮಾಡಿರಲಿಲ್ಲ.

ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಡಾ. ರಾಶಾ ಅಲ್-ಲಾಮಿ ಮತ್ತು ಜೊತೆಗಾರರು ಮಾಡಿದರು. ಆರ್ಬಿಟಾ ಎಂಬ ಆ ಅಧ್ಯಯನದಲ್ಲಿ 200 ರೋಗಿಗಳಿದ್ದರು. ಎಲ್ಲರಿಗೂ ಒಂದು ನಾಳದಲ್ಲಿ ಕನಿಷ್ಠ ಶೇ 70 ಬ್ಲಾಕ್. ಎಲ್ಲರನ್ನೂ ಕ್ಯಾತ್‌ಲ್ಯಾಬ್ ಮೇಜಿನ ಮೇಲೆ ಮಲಗಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಮಂಪರು ಬರಿಸಿದರು. ಅರ್ಧ ಜನಕ್ಕೆ ಸ್ಟೆಂಟ್ ಹಾಕಿದರು. ಉಳಿದವರಿಗೆ ಹಾಕಲಿಲ್ಲ. ಯಾರಿಗೆ ಏನಾಯಿತು ಎಂದು ರೋಗಿಗೂ ಗೊತ್ತಿಲ್ಲ, ಆಮೇಲೆ ನೋಡಿಕೊಂಡ ವೈದ್ಯರಿಗೂ ಗೊತ್ತಿಲ್ಲ. ಆರು ವಾರದ ನಂತರ ಟ್ರೆಡ್‌ಮಿಲ್ ಮೇಲೆ ನಡೆಸಿದರು. ಸ್ಟೆಂಟ್ ಹಾಕಿಸಿಕೊಂಡವರು ಮೊದಲಿಗಿಂತ 28 ಸೆಕೆಂಡ್ ಜಾಸ್ತಿ ನಡೆದರು, ಹಾಕಿಸಿಕೊಳ್ಳದವರು 12 ಸೆಕೆಂಡ್. ಆ 16 ಸೆಕೆಂಡಿನ ಅಂತರ ಆಕಸ್ಮಿಕವೂ ಆಗಿರಬಹುದು ಎಂದಿತು ಲೆಕ್ಕ. 2017ರಲ್ಲಿ ಇದು ದೊಡ್ಡ ಗಲಾಟೆ ಎಬ್ಬಿಸಿತು.

ಆದರೆ ಆ ರೋಗಿಗಳೆಲ್ಲ ಮೊದಲೇ ಎದೆನೋವಿನ ಮಾತ್ರೆಗಳನ್ನು ಭರ್ತಿ ನುಂಗುತ್ತಿದ್ದರು. ಮಾತ್ರೆಯೇ ನೋವು ಇಳಿಸಿದ್ದರೆ ಸ್ಟೆಂಟ್‌ಗೆ ಉಳಿಯುವ ಕೆಲಸವಾದರೂ ಏನು? ಅದೇ ತಂಡ ಎದೆನೋವಿನ ಮಾತ್ರೆ ನಿಲ್ಲಿಸಿ ಮತ್ತೊಂದು ಪರೀಕ್ಷೆ ನಡೆಸಿತು. 301 ರೋಗಿಗಳ ಆರ್ಬಿಟಾ-2 ಬಂದಿದ್ದು 2023ರಲ್ಲಿ. ಈ ಸಲ ಸ್ಟೆಂಟ್ ಗೆದ್ದಿತು. ಟ್ರೆಡ್‌ಮಿಲ್ ನಡಿಗೆಯಲ್ಲಿ ಅಂತರ ಸುಮಾರು ಒಂದು ನಿಮಿಷ, ನೋವು ಬರುವ ದಿನಗಳೂ ಕಡಿಮೆ. 12 ವಾರದ ಕೊನೆಗೆ ಪೂರ್ತಿ ನೋವಿಲ್ಲದವರು ಸ್ಟೆಂಟ್ ಗುಂಪಿನಲ್ಲಿ ಶೇ 40, ಇನ್ನೊಂದರಲ್ಲಿ ಶೇ 15.

ಅದೇ ತಂಡ ಒಮ್ಮೆ ಇಲ್ಲ ಎಂದು, ಇನ್ನೊಮ್ಮೆ ಹೌದು ಎಂದಿದ್ದು ಮಾತು ತಪ್ಪಿದ್ದಲ್ಲ. ಮಾತ್ರೆ ಒಗ್ಗುವವರಿಗೆ ಮಾತ್ರೆಯೇ ಬಹುಪಾಲು ಕೆಲಸ ಮಾಡುತ್ತದೆ. ಮಾತ್ರೆ ಒಗ್ಗದವರಿಗೆ, ಬೇಡ ಎನ್ನುವವರಿಗೆ ಸ್ಟೆಂಟ್ ನೋವು ಇಳಿಸುತ್ತದೆ. ಆದರೂ ಹತ್ತರಲ್ಲಿ ಆರು ಜನಕ್ಕೆ ಸ್ಟೆಂಟ್ ನಂತರವೂ ಸ್ವಲ್ಪ ನೋವು ಉಳಿದಿತ್ತು. ಈ ಅಂಶ ಆಸ್ಪತ್ರೆ ಜಾಹೀರಾತಿನಲ್ಲಿ ಕಾಣಲಿಕ್ಕಿಲ್ಲ.

ಒಪ್ಪದವರ ವಾದದಲ್ಲಿ ಹುರುಳಿದೆ

ಇಸ್ಕೀಮಿಯಾ ಅಧ್ಯಯನಕ್ಕೆ ಕೆಲವರನ್ನು ಸೇರಿಸಿಕೊಂಡಿರಲಿಲ್ಲ. ಎಡ ಮುಖ್ಯ ನಾಳದಲ್ಲಿ, ಅಂದರೆ ಹೃದಯದ ಎಡಭಾಗಕ್ಕೆಲ್ಲ ರಕ್ತ ಕೊಡುವ ಬುಡದಲ್ಲೇ ದೊಡ್ಡ ಬ್ಲಾಕ್ ಇದ್ದವರು ಅದರಲ್ಲಿಲ್ಲ. ಹೃದಯ ತುಂಬಾ ದುರ್ಬಲವಾದವರು, ಮಾತ್ರೆಗೆ ಬಗ್ಗದ ನೋವಿದ್ದವರೂ ಇಲ್ಲ. ಇವರಿಗೆ 'ಅಧ್ಯಯನ ಹೇಳಿದೆ, ಬೇಡ' ಎನ್ನುವಂತಿಲ್ಲ. ಸಕ್ಕರೆ ಕಾಯಿಲೆ ಇದ್ದು ಹಲವು ನಾಳಗಳಲ್ಲಿ ಬ್ಲಾಕ್ ಇರುವವರಿಗೆ ಬೈಪಾಸ್ ಸ್ಟೆಂಟ್‌ಗಿಂತ ಮೇಲು ಎಂದು 2012ರ ಫ್ರೀಡಂ ಅಧ್ಯಯನ ತೋರಿಸಿದೆ. ಮನೆಮನೆಯಲ್ಲೂ ಶುಗರ್ ಇರುವ ನಮ್ಮಲ್ಲಿ ಇದು ಸಣ್ಣ ವಿಷಯವಲ್ಲ. 'ಆಪರೇಷನ್ ಬೇಡ, ಸ್ಟೆಂಟ್‌ನಲ್ಲೇ ಮುಗಿಸಿ' ಎಂದು ಮನೆಯವರೇ ಒತ್ತಾಯ ಮಾಡುವುದುಂಟು.

ಇನ್ನೊಂದು ಅಂಶ. 2022ರಲ್ಲಿ ಇಸ್ಕೀಮಿಯಾದ ಏಳು ವರ್ಷದ ಲೆಕ್ಕ ಬಂತು. ಒಟ್ಟು ಸಾವು ಆಗಲೂ ಹೆಚ್ಚುಕಡಿಮೆ ಸಮ. ಆದರೆ ಹೃದಯದ ಕಾರಣಕ್ಕೆ ಸತ್ತವರು ಸ್ಟೆಂಟ್-ಬೈಪಾಸ್ ಗುಂಪಿನಲ್ಲಿ ಕಡಿಮೆ, ಬೇರೆ ಕಾರಣಕ್ಕೆ ಸತ್ತವರು ಜಾಸ್ತಿ. ಮೊದಲ ಅರ್ಧವನ್ನು ಒಂದು ಪಕ್ಷ ಹಿಡಿದುಕೊಂಡಿದೆ, ಎರಡನೇ ಅರ್ಧವನ್ನು ಇನ್ನೊಂದು. 2021ರಲ್ಲಿ ಅಮೆರಿಕದ ಹೃದ್ರೋಗ ಸಂಘಗಳು ಸ್ಥಿರ ರೋಗಿಗಳಿಗೆ ಬೈಪಾಸ್ ಶಿಫಾರಸಿನ ಬಲವನ್ನು ತಗ್ಗಿಸಿದಾಗ ಅಲ್ಲಿನ ಸರ್ಜನ್‌ಗಳ ಎರಡು ದೊಡ್ಡ ಸಂಘಗಳು ಅನುಮೋದನೆ ಕೊಡಲಿಲ್ಲ. ತಜ್ಞರ ನಡುವೆಯೇ ಮಾತು ಮುಗಿದಿಲ್ಲ.

ಬಿಲ್ಲಿನ ಲೆಕ್ಕ

ನಮ್ಮ ದೇಶದಲ್ಲಿ ಈ ಚರ್ಚೆಗೆ ದುಡ್ಡಿನ ನೆರಳು ಬಿದ್ದೇ ಬೀಳುತ್ತದೆ. 2017ರ ಫೆಬ್ರವರಿಯವರೆಗೆ ಔಷಧಿ ಲೇಪಿತ ಸ್ಟೆಂಟ್ ಒಂದಕ್ಕೆ ಲಕ್ಷಕ್ಕೂ ಹೆಚ್ಚು ಬೀಳುತ್ತಿತ್ತು. ಬೆಲೆ ನಿಯಂತ್ರಿಸುವ ಕೇಂದ್ರ ಪ್ರಾಧಿಕಾರ ಎನ್‌ಪಿಪಿಎ ಲೆಕ್ಕ ತೆಗೆದಾಗ ಕೆಲವು ಕಡೆ ಲಾಭ ಶೇ 654ರವರೆಗೆ ಹೋಗಿದ್ದು ಗೊತ್ತಾಯಿತು. ಅದರಲ್ಲಿ ಆಸ್ಪತ್ರೆಗಳ ಪಾಲೇ ದೊಡ್ಡದು. ಪ್ರಾಧಿಕಾರ ಸಾದಾ ಸ್ಟೆಂಟ್‌ಗೆ 7,260 ರೂಪಾಯಿ, ಔಷಧಿ ಲೇಪಿತಕ್ಕೆ 29,600 ರೂಪಾಯಿ ಮಿತಿ ಹಾಕಿತು.

ಬಡವರಿಗೆ, ಮಧ್ಯಮ ವರ್ಗಕ್ಕೆ ಇದು ನಿಜವಾದ ನೆರವು. ಆದರೆ ಮಿತಿ ಬಿದ್ದಿದ್ದು ಸ್ಟೆಂಟ್‌ಗೆ ಮಾತ್ರ. ಬಲೂನ್, ಕ್ಯಾತಿಟರ್, ಕ್ಯಾತ್‌ಲ್ಯಾಬ್ ಶುಲ್ಕ, ವೈದ್ಯರ ಶುಲ್ಕ ಆ ಆದೇಶದಲ್ಲಿ ಇರಲಿಲ್ಲ. ಹಾಗಾಗಿ ಸ್ಟೆಂಟ್ ಬೆಲೆ ಇಳಿದಷ್ಟು ಒಟ್ಟು ಬಿಲ್ ಇಳಿಯಬೇಕೆಂದಿರಲಿಲ್ಲ. ಒಂದೊಂದು ಪ್ರೊಸೀಜರ್‌ಗೆ ಇಷ್ಟು ಎಂದು ಆದಾಯ ಬರುವ ವ್ಯವಸ್ಥೆಯಲ್ಲಿ ಪ್ರೊಸೀಜರ್ ಮಾಡುವ ಕಡೆಗೇ ವಾಲು ಇರುತ್ತದೆ. ವೈದ್ಯರು ಕೆಟ್ಟವರಾಗಬೇಕಿಲ್ಲ.

ಸರ್ಕಾರಿ ವಿಮೆಯಲ್ಲೂ ಇದೇ ವಾಲು ಇದೆ, ಬೇರೆ ರೂಪದಲ್ಲಿ. ಆಯುಷ್ಮಾನ್ ಭಾರತದಂಥ ಯೋಜನೆಗಳು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರ ಖರ್ಚು ಕೊಡುತ್ತವೆ. ಸ್ಟೆಂಟ್‌ಗೆ ದುಡ್ಡು ಸಿಗುತ್ತದೆ. ಹತ್ತು ವರ್ಷ ಪ್ರತಿ ತಿಂಗಳು ನುಂಗಬೇಕಾದ ಮಾತ್ರೆಗೆ ಆ ಕಾರ್ಡ್ ಕೆಲಸಕ್ಕೆ ಬರುವುದಿಲ್ಲ. ಅಧ್ಯಯನದಲ್ಲಿ ಮಾತ್ರೆ ಗುಂಪು ಸರಿಸಮ ನಿಂತಿದ್ದು ಮಾತ್ರೆಯನ್ನು ತಪ್ಪದೆ ತೆಗೆದುಕೊಂಡಿದ್ದಕ್ಕೆ. ಎರಡು ತಿಂಗಳಿಗೆ 'ಈಗ ಆರಾಮಿದೆ' ಎಂದು ನಿಲ್ಲಿಸುವವರಿಗೆ ಆ 144 ಅನ್ವಯಿಸುವುದಿಲ್ಲ. ಸ್ಟೆಂಟ್ ಹಾಕಿಸಿಕೊಂಡವರಿಗೆ ಇದು ಇನ್ನೂ ಅಪಾಯ. ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ಥರದ ಮಾತ್ರೆಯನ್ನು ವೈದ್ಯರನ್ನು ಕೇಳದೆ ಬೇಗ ಬಿಟ್ಟರೆ ಸ್ಟೆಂಟ್‌ನೊಳಗೇ ರಕ್ತ ಹೆಪ್ಪುಗಟ್ಟಬಹುದು. ಇಲ್ಲದ ಅಟ್ಯಾಕನ್ನು ಕರೆದು ತಂದಂತೆ.

ಕ್ಯಾತ್‌ಲ್ಯಾಬ್ ಬಾಗಿಲಲ್ಲಿ ಸಹಿ

ಇಷ್ಟೆಲ್ಲ ಲೆಕ್ಕ ಬಂದು ನಿಲ್ಲುವುದು ಒಂದು ಬಾಗಿಲ ಮುಂದೆ. ರೋಗಿ ಒಳಗೆ ಮೇಜಿನ ಮೇಲಿದ್ದಾರೆ. ಹೊರಗೆ ಮಗನೋ ಹೆಂಡತಿಯೋ ಕೂತಿದ್ದಾರೆ. ಬಾಗಿಲು ತೆರೆಯುತ್ತದೆ. 'ಒಂದು ಕಡೆ 80 ಪರ್ಸೆಂಟ್ ಬ್ಲಾಕ್ ಇದೆ, ಈಗಲೇ ಸ್ಟೆಂಟ್ ಹಾಕಿಬಿಡೋಣ, ಇಲ್ಲಿ ಸೈನ್ ಮಾಡಿ.' ಅಟ್ಯಾಕ್ ಆಗಿ ಬಂದವರಾದರೆ ತಕ್ಷಣ ಸಹಿ ಹಾಕಬೇಕು, ಒಂದು ನಿಮಿಷವೂ ತಡ ಮಾಡಬಾರದು. ಟಿಎಂಟಿ ವ್ಯತ್ಯಾಸಕ್ಕೆ ಬಂದವರಾದರೆ ಅಷ್ಟು ಅವಸರ ಇರುವುದಿಲ್ಲ. ಎಡ ಮುಖ್ಯ ನಾಳದಲ್ಲಿ ಬ್ಲಾಕ್ ಇದೆಯಾ, ಹೃದಯದ ಪಂಪಿಂಗ್ ಎಷ್ಟಿದೆ, ಮಾತ್ರೆಯಲ್ಲಿ ನೋಡಿದರೆ ಏನಾಗುತ್ತದೆ ಎಂದು ಕೇಳಬಹುದು. ಒಳಗೆ ತಂತಿ ಇರುವಾಗಲೇ ಬ್ಲಾಕ್‌ನ ಆಚೆ ಈಚೆ ಒತ್ತಡ ಅಳೆಯುವ ಎಫ್‌ಎಫ್‌ಆರ್ ಪರೀಕ್ಷೆಯೂ ಇದೆ. ಆ ಸಂಖ್ಯೆ 0.80ಕ್ಕಿಂತ ಮೇಲಿದ್ದರೆ ಕಣ್ಣಿಗೆ ದೊಡ್ಡದಾಗಿ ಕಂಡ ಬ್ಲಾಕ್ ಕೂಡ ರಕ್ತವನ್ನು ಅಷ್ಟಾಗಿ ತಡೆಯುತ್ತಿಲ್ಲ ಎಂದರ್ಥ.

ಆಂಜಿಯೋಗ್ರಾಂ ಇವತ್ತು ಮುಗಿಸಿ, ಸಿಡಿ ತೆಗೆದುಕೊಂಡು ಹೋಗಿ, ಇನ್ನೊಬ್ಬ ವೈದ್ಯರಿಗೆ ತೋರಿಸಿ, ಬೇಕಾದರೆ ಸ್ಟೆಂಟ್ ಮುಂದಿನ ವಾರ ಹಾಕಿಸಬಹುದು. ಹಾಗೆ ಮಾಡಿದರೆ ಕ್ಯಾತ್‌ಲ್ಯಾಬ್ ಖರ್ಚು ಎರಡು ಸಲ ಬೀಳುತ್ತದೆ, ಮಣಿಕಟ್ಟಿಗೆ ಎರಡು ಸಲ ಚುಚ್ಚಬೇಕಾಗುತ್ತದೆ, ದೂರದ ಊರಿನವರು ಮತ್ತೆ ಬಸ್ ಹತ್ತಿ ಬರಬೇಕು. ಬಹಳ ಮನೆಗಳಲ್ಲಿ ಆ ಬಾಗಿಲಲ್ಲೇ ಸಹಿ ಬೀಳುವುದು ಬ್ಲಾಕ್‌ನ ಭಯದಷ್ಟೇ ಈ ಎರಡನೇ ಖರ್ಚಿನ ಲೆಕ್ಕದಿಂದ.